ಅಡ್ಡಗಾಳಿಯ ಹೆದ್ದಾರಿಯಲ್ಲಿ ಟ್ರಾವೆಲ್ ಟ್ರೇಲರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪಿಕಪ್ ಅಥವಾ ದೊಡ್ಡ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ, ಒಳಗೆ ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಇರುವ ಚಕ್ರದ ಮೇಲಿನ ಮನೆಯನ್ನು ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಇದನ್ನು ಕೊಂಡವರೂ ಇದ್ದಾರೆ, ರಜೆಯ ಮಟ್ಟಿಗೆ ಬಾಡಿಗೆಗೆ ಪಡೆಯುವವರೂ ಇದ್ದಾರೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗಾಳಿಯ ಬಗ್ಗೆಯೇ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಅಲ್ಲಿನ ಹವಾಮಾನ ವರದಿಯೂ ಗಾಡಿಯ ಬಾಗಿಲಿಗೆ ಅಂಟಿಸಿದ ಚೀಟಿಯೂ ಮೈಲಿ ಮತ್ತು ಪೌಂಡುಗಳಲ್ಲೇ ಇರುವುದರಿಂದ ನಾನೂ ಅವನ್ನೇ ಬಳಸಿದ್ದೇನೆ. ಒಂದು ಮೈಲಿ ಎಂದರೆ 1.6 ಕಿಲೋಮೀಟರ್, ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ.

ಪ್ರಶ್ನೆ: ಬರುವ ಮೇ ತಿಂಗಳಲ್ಲಿ ದಾವಣಗೆರೆಯಿಂದ ನಮ್ಮ ಅತ್ತೆ ಮಾವ ಬರುತ್ತಿದ್ದಾರೆ. ಅವರನ್ನು ಕರೆದುಕೊಂಡು, 25 ಅಡಿಯ ಟ್ರೇಲರ್ ಎಳೆದುಕೊಂಡು, ಲ್ಯಾರಮಿ ಮತ್ತು ರಾಲಿನ್ಸ್ ಮಾರ್ಗವಾಗಿ ಸಾಲ್ಟ್ ಲೇಕ್ ಸಿಟಿಗೆ ಹೋಗಬೇಕೆಂದಿದ್ದೇವೆ. ವಯೋಮಿಂಗ್ ರಾಜ್ಯದ ಆ ದಾರಿಯಲ್ಲಿ ಗಾಳಿ ಬಹಳ ಎಂದು ಎಲ್ಲರೂ ಹೆದರಿಸುತ್ತಾರೆ. ಎಷ್ಟು ವೇಗದ ಗಾಳಿಯವರೆಗೆ ಹೋಗಬಹುದು? ದಯವಿಟ್ಟು ಒಂದು ಅಂಕಿ ಹೇಳಿ. ಮಾವನವರಿಗೆ ಮಂಡಿನೋವು ಇರುವುದರಿಂದ ಅವರು ಟ್ರೇಲರಿನೊಳಗೆ ಮಲಗಿಕೊಂಡು ಬರಬಹುದೇ?
— ಓದುಗರೊಬ್ಬರು, ಡೆನ್ವರ್

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಚಲಿಸುತ್ತಿರುವ ಟ್ರೇಲರಿನೊಳಗೆ ಯಾರೂ, ಯಾವ ಕಾರಣಕ್ಕೂ ಇರಬಾರದು. ಅಲ್ಲಿ ಸೀಟ್ ಬೆಲ್ಟ್ ಇಲ್ಲ, ಗೋಡೆಗಳು ಅಪಘಾತವನ್ನು ತಡೆಯುವಂತೆ ಕಟ್ಟಿದವಲ್ಲ, ಗಾಳಿಗೆ ಮೊದಲು ಸಿಕ್ಕಿ ಉರುಳುವುದೂ ಅದೇ. ಮಾವನವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಗಂಟೆಗೊಮ್ಮೆ ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆಸಿ. ಹಾಗೆ ನಿಲ್ಲಿಸುವುದರಿಂದ ಚಾಲಕರಿಗೂ ಆಕಾಶ ನೋಡಲು, ಟೈರು ಮುಟ್ಟಿ ನೋಡಲು ಅವಕಾಶವಾಗುತ್ತದೆ.

ಇನ್ನು ಅಂಕಿಯ ಮಾತು. ಗಾಳಿ ನೂಕುವ ಬಲವು ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟಾಗುತ್ತದೆ. ನಿಮ್ಮ ಟ್ರೇಲರಿನ ಪಕ್ಕದ ಗೋಡೆಯನ್ನು 25 ಅಡಿ ಉದ್ದ, 8 ಅಡಿ ಎತ್ತರ ಎಂದು ಹಿಡಿದರೆ ಗಾಳಿಗೆ ಒಡ್ಡಿಕೊಂಡ ವಿಸ್ತೀರ್ಣ 200 ಚದರ ಅಡಿ. ಅದರ ಮೇಲೆ ನೇರವಾಗಿ ಬೀಸುವ 20 ಮೈಲಿ ವೇಗದ ಅಡ್ಡಗಾಳಿ ಸುಮಾರು 200 ಪೌಂಡ್ ಬಲದಿಂದ ನೂಕಿದರೆ, 40 ಮೈಲಿಯ ಗಾಳಿ ಸುಮಾರು 800 ಪೌಂಡ್ ಬಲದಿಂದಲೂ, 60 ಮೈಲಿಯ ಗಾಳಿ ಸುಮಾರು 1,800 ಪೌಂಡ್ ಬಲದಿಂದಲೂ ನೂಕುತ್ತದೆ. ಇದು ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿದ ಸರಳ ಲೆಕ್ಕ, ನಿಜವಾದ ಬಲ ಗೋಡೆಯ ಆಕಾರಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಆದರೂ 20ರಲ್ಲಿ ಏನೂ ಅನ್ನಿಸದ ಗಾಳಿ 40ರಲ್ಲಿ ಏಕೆ ಸ್ಟಿಯರಿಂಗನ್ನು ಕೈಯಿಂದ ಕಿತ್ತುಕೊಳ್ಳುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಒಂದೇ ಸಮನೆ ಬೀಸುವ ಗಾಳಿಗಿಂತ ಬಿಟ್ಟು ಬಿಟ್ಟು ಹೊಡೆಯುವ ಗಾಳಿ ಕೆಟ್ಟದ್ದು. ಒಂದೇ ಸಮನೆ ಬೀಸಿದರೆ ಸ್ಟಿಯರಿಂಗನ್ನು ತುಸು ಗಾಳಿಯ ಕಡೆಗೆ ತಿರುಗಿಸಿ ಹಿಡಿದು ಸಾಗಬಹುದು. ಹೊಡೆತದ ಗಾಳಿಯಾದರೆ ತಿರುಗಿಸಿ ಹಿಡಿದಿರುವಾಗಲೇ ಅದು ನಿಂತುಹೋಗಿ, ಗಾಡಿ ನಿಮ್ಮ ಕೈಯಿಂದಲೇ ಪಕ್ಕದ ಪಥಕ್ಕೆ ಹಾರುತ್ತದೆ. ಹಾಗಾಗಿ ಮುನ್ಸೂಚನೆಯಲ್ಲಿ ಸರಾಸರಿ ವೇಗವನ್ನು ನೋಡಿ ಸಮಾಧಾನಪಡಬೇಡಿ, ಅದರ ಪಕ್ಕದಲ್ಲಿ ಬರೆದಿರುವ ಗರಿಷ್ಠ ಬೀಸಿನ ಅಂಕಿಯನ್ನು ನೋಡಿ. ನನ್ನ ಅಂಕಿಯೂ ಬೀಸಿನ ಅಂಕಿಯೇ. ಬೀಸು 25 ಮೈಲಿಯೊಳಗಿದ್ದರೆ ಎಂದಿನ ಎಚ್ಚರದಿಂದ ಹೊರಡುತ್ತೇನೆ. 25ರಿಂದ 35ರ ನಡುವೆ ಇದ್ದರೆ, ಭಾರ ಸರಿಯಾಗಿ ಜೋಡಿಸಿದೆ ಎಂಬ ಖಾತ್ರಿ ಇದ್ದರೆ ಮಾತ್ರ, ಗಂಟೆಗೆ 50 ಮೈಲಿಗಿಂತ ಕಡಿಮೆ ವೇಗದಲ್ಲಿ, ಬಲಗಡೆಯ ಪಥದಲ್ಲೇ ಹೋಗುತ್ತೇನೆ. 35 ದಾಟಿದ ದಿನ ಹೊರಡುವುದಿಲ್ಲ, ದಾರಿಯಲ್ಲಿದ್ದರೆ ನಿಲ್ಲಿಸುತ್ತೇನೆ. ಇದು ಕಾನೂನಿನ ಅಂಕಿಯಲ್ಲ, ಬಹಳ ವರ್ಷ ಎಳೆದವನ ತೀರ್ಮಾನ. ಹೊಸಬರು ಇದರಿಂದ ಇನ್ನೂ ಐದು ಮೈಲಿ ಕಳೆಯಲಿ ಎಂದೇ ನನ್ನ ಸಲಹೆ.

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಎರಡು ಬಗೆಯ ಪ್ರಕಟಣೆ ಕೊಡುತ್ತದೆ. ಮೊದಲನೆಯದಾದ ವಿಂಡ್ ಅಡ್ವೈಸರಿಯನ್ನು ನಿರಂತರ ಗಾಳಿ 31ರಿಂದ 39 ಮೈಲಿ ಇರುವಾಗ ಅಥವಾ ಬೀಸು 46ರಿಂದ 57 ಮೈಲಿ ಇರುವಾಗ ಕೊಡುತ್ತಾರೆ. ಹೈ ವಿಂಡ್ ವಾರ್ನಿಂಗ್ ಎಂಬ ಇನ್ನೊಂದನ್ನು ನಿರಂತರ ಗಾಳಿ 40 ಮೈಲಿ ಮುಟ್ಟಿದಾಗ ಅಥವಾ ಬೀಸು 58 ಮೈಲಿ ಮುಟ್ಟಿದಾಗ ಕೊಡುತ್ತಾರೆ. ಪ್ರದೇಶಕ್ಕೆ ತಕ್ಕಂತೆ ಈ ಮಿತಿಗಳಲ್ಲಿ ಸ್ವಲ್ಪ ವ್ಯತ್ಯಾಸ ಉಂಟು. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಈ ಮಿತಿಗಳನ್ನು ಟ್ರೇಲರ್ ಎಳೆಯುವವರಿಗಾಗಿ ಗೊತ್ತುಮಾಡಿಲ್ಲ. 40 ಮೈಲಿ ಬೀಸಿನ ದಿನ ಯಾವ ಎಚ್ಚರಿಕೆಯೂ ಹೊರಡದೇ ಇರಬಹುದು; ಆದರೆ ನಿಮಗೆ ಅದು ಹೊರಡಬಾರದ ದಿನ. ಎಚ್ಚರಿಕೆ ಇಲ್ಲವೆಂದರೆ ಅಪಾಯ ಇಲ್ಲವೆಂದು ತಿಳಿದು ಹೊರಟ ಹಲವರ ಪತ್ರಗಳು ನನ್ನ ಬಳಿ ಇವೆ.

ನೀವು ಹೇಳಿದ ದಾರಿ 80ನೇ ಅಂತರರಾಜ್ಯ ಹೆದ್ದಾರಿ. ಲ್ಯಾರಮಿಯಿಂದ ರಾಲಿನ್ಸ್ ತನಕದ ಸುಮಾರು 100 ಮೈಲಿಯಲ್ಲಿ ಆರ್ಲಿಂಗ್ಟನ್ ಮತ್ತು ಎಲ್ಕ್ ಮೌಂಟನ್ ಸುತ್ತಲಿನ ಭಾಗವೇ ಅತ್ಯಂತ ಕಠಿಣವಾದದ್ದು, ಏಕೆಂದರೆ ಪಶ್ಚಿಮದಿಂದ ಬರುವ ಗಾಳಿ ಬೆಟ್ಟಗಳ ಬುಡದಲ್ಲಿ ಒತ್ತರಿಸಿಕೊಂಡು ಅಲ್ಲಿ ರಭಸ ಪಡೆಯುತ್ತದೆ. ಹಳೆಯ 30ನೇ ಹೆದ್ದಾರಿ ಇದೇ ಕಾರಣಕ್ಕೆ ಉತ್ತರದಲ್ಲಿ ಮೆಡಿಸಿನ್ ಬೋ ಮಾರ್ಗವಾಗಿ ಬಳಸಿ ಹೋಗುತ್ತಿತ್ತು. 1970ರಲ್ಲಿ ಹೊಸ ಹೆದ್ದಾರಿಯನ್ನು ಬೆಟ್ಟದ ಬುಡದಲ್ಲಿ ನೇರವಾಗಿ ತೆರೆದಾಗ ಸ್ಥಳೀಯರು ಮೊದಲೇ ಹೇಳಿದ್ದ ಗಾಳಿ ಮತ್ತು ಹಿಮದ ಕಾಟ ಮೊದಲ ಚಳಿಗಾಲದಲ್ಲೇ ಎಲ್ಲರಿಗೂ ಗೊತ್ತಾಯಿತು. ಗಾಳಿ ಜೋರಾದ ದಿನ ಆ ರಾಜ್ಯದ ಸಾರಿಗೆ ಇಲಾಖೆ ಭಾರ ಕಡಿಮೆ ಇರುವ ಎತ್ತರದ ವಾಹನಗಳಿಗೆ ರಸ್ತೆ ಮುಚ್ಚಿದೆ ಎಂದು ಫಲಕ ಹಾಕುತ್ತದೆ. ಆ ಮಾತು ಖಾಲಿ ಲಾರಿಗಳಿಗೆ ಮಾತ್ರ ಎಂದು ತಿಳಿಯಬೇಡಿ, ನಿಮ್ಮ ಟ್ರೇಲರಿಗಿಂತ ಹಗುರವಾದ, ಎತ್ತರವಾದ ವಾಹನ ಆ ರಸ್ತೆಯಲ್ಲಿ ಇನ್ನೊಂದಿಲ್ಲ. ಹಿಂದಿನ ರಾತ್ರಿ ಮತ್ತು ಹೊರಡುವ ಬೆಳಿಗ್ಗೆ 511 ಸೇವೆಯಲ್ಲಿ ರಸ್ತೆಯ ಸ್ಥಿತಿ ನೋಡಿ. ಹಳೆಯ 30ನೇ ಹೆದ್ದಾರಿ ಈಗಲೂ ಇದೆ. ತುಸು ಸುತ್ತು, ಅಲ್ಲಿಯೂ ಗಾಳಿ ಇಲ್ಲದೆ ಇಲ್ಲ, ಆದರೆ ಲಾರಿಗಳ ದಟ್ಟಣೆ ಕಡಿಮೆ.

ಮೇ ತಿಂಗಳಾದ್ದರಿಂದ ಬೆಳಗಿನ ಜಾವದ ಪ್ರಯೋಜನ ನಿಮಗಿದೆ. ಬಿಸಿಲೇರಿದಂತೆ ನೆಲ ಕಾದು, ಮೇಲಿನ ಪದರದಲ್ಲಿ ಓಡುವ ರಭಸದ ಗಾಳಿ ಕೆಳಗಿನ ಪದರದೊಂದಿಗೆ ಬೆರೆಯುವುದರಿಂದ ಮಧ್ಯಾಹ್ನ ಬೀಸು ಹೆಚ್ಚುತ್ತದೆ. ಸೂರ್ಯೋದಯದ ಹೊತ್ತಿಗೆ ಸಾಮಾನ್ಯವಾಗಿ ಅದು ಕಡಿಮೆ ಇರುತ್ತದೆ. ಹಿಂದಿನ ರಾತ್ರಿ ಲ್ಯಾರಮಿಯಲ್ಲಿ ತಂಗಿ, ಐದು ಗಂಟೆಗೆ ಹೊರಟು, ಒಂಬತ್ತಕ್ಕೆ ಮೊದಲು ರಾಲಿನ್ಸ್ ದಾಟುವುದು ನಾನು ಇಂದಿಗೂ ಅನುಸರಿಸುವ ಕ್ರಮ. ಚಳಿಗಾಲಕ್ಕೆ ಈ ಲೆಕ್ಕ ಹೊಂದುವುದಿಲ್ಲ, ಆಗ ಅಲ್ಲಿ ರಾತ್ರಿಯಿಡೀ ಬೀಸುವುದುಂಟು. ಇವೆಲ್ಲದರ ಜೊತೆಗೆ ಪ್ರಯಾಣದಲ್ಲಿ ಒಂದು ದಿನವನ್ನು ಖಾಲಿ ಬಿಡಿ. ಸಾಲ್ಟ್ ಲೇಕ್ ಸಿಟಿಯಲ್ಲಿ ಕಾಯ್ದಿರಿಸಿದ ಜಾಗದ ಹಣ ಹೋದೀತೆಂಬ ಚಿಂತೆಯೇ ಗಾಳಿಗೆ ಎದುರಾಗಿ ಹೊರಡುವಂತೆ ಮಾಡುತ್ತದೆ ಎಂಬುದನ್ನು ನಾನು ನನ್ನಲ್ಲೇ ಕಂಡಿದ್ದೇನೆ.

ಪ್ರಶ್ನೆ: ಕಳೆದ ತಿಂಗಳು ಡಲ್ಲಾಸ್‌ನಿಂದ ಅಮರಿಲ್ಲೊ ಕಡೆಗೆ ಹೋಗುವಾಗ, ಗಾಳಿ ಸಾಕಷ್ಟು ಇದ್ದ ಹೊತ್ತಿನಲ್ಲಿ, ದೊಡ್ಡ ಲಾರಿಯೊಂದು ನಮ್ಮನ್ನು ದಾಟಿಹೋಯಿತು. ಕೂಡಲೇ ಟ್ರೇಲರ್ ಹಾವಿನಂತೆ ಅತ್ತಿತ್ತ ಓಲಾಡತೊಡಗಿತು. ನಮ್ಮ ಯಜಮಾನರು ವೇಗ ಹೆಚ್ಚಿಸಿದರೆ ಹಿಂದಿನದು ತಾನಾಗಿ ನೆಟ್ಟಗಾಗುತ್ತದೆ ಎಂದು ಆಕ್ಸಿಲರೇಟರ್ ಒತ್ತಿದರು, ಅದು ನೆಟ್ಟಗಾಯಿತು ಕೂಡ. ಆದರೂ ನನ್ನ ಎದೆಯ ನಡುಕ ಇನ್ನೂ ಹೋಗಿಲ್ಲ. ಅವರು ಮಾಡಿದ್ದು ಸರಿಯೇ?
— ಗೃಹಿಣಿಯೊಬ್ಬರು, ಪ್ಲೇನೊ, ಟೆಕ್ಸಾಸ್

ಉತ್ತರ: ಅಂದು ನೆಟ್ಟಗಾಯಿತು ಎಂಬುದಕ್ಕೆ ನನಗೆ ಸಂತೋಷವಿದೆ, ಆದರೆ ಮಾಡಿದ್ದು ಸರಿಯಲ್ಲ, ಇನ್ನೊಮ್ಮೆ ಮಾಡಬಾರದು. ವೇಗ ಹೆಚ್ಚಿಸಿದ ಕ್ಷಣದಲ್ಲಿ ಮುಂದಿನ ಗಾಡಿ ಕೊಂಡಿಯನ್ನು ಬಿಗಿಯಾಗಿ ಎಳೆಯುವುದರಿಂದ ಟ್ರೇಲರ್ ನೇರವಾದಂತೆ ಕಾಣುವುದು ನಿಜ. ಆದರೆ ಓಲಾಟವನ್ನು ತಾನಾಗಿ ಅಡಗಿಸುವ ಶಕ್ತಿ ಪ್ರತಿ ಟ್ರೇಲರಿಗೂ ಇರುತ್ತದೆ, ವೇಗ ಏರಿದಂತೆ ಆ ಶಕ್ತಿ ಕುಗ್ಗುತ್ತ ಹೋಗುತ್ತದೆ. 50 ಮೈಲಿಯಲ್ಲಿ ಎರಡು ಬಾರಿ ಓಲಾಡಿ ಸುಮ್ಮನಾಗುವ ಟ್ರೇಲರ್ 65ರಲ್ಲಿ ಹತ್ತು ಬಾರಿ ಓಲಾಡಬಹುದು. ಇನ್ನೂ ಒಂದು ವೇಗವನ್ನು ಮೀರಿದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ, ಆಮೇಲೆ ಅದನ್ನು ಹಿಡಿಯುವವರಿಲ್ಲ. ವೇಗ ಹೆಚ್ಚಿಸಿದವರು ಈ ಗಡಿಯ ಹತ್ತಿರಕ್ಕೆ ತಾವೇ ಹೋಗಿರುತ್ತಾರೆ, ಮತ್ತೊಂದು ಹೊಡೆತ ಬಂದರೆ ಅವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಆಕ್ಸಿಲರೇಟರಿನಿಂದ ಕಾಲನ್ನು ನಿಧಾನವಾಗಿ ತೆಗೆಯಬೇಕು. ಸ್ಟಿಯರಿಂಗನ್ನು ನೇರವಾಗಿ, ಅಲುಗಾಡದಂತೆ ಹಿಡಿಯಬೇಕು. ಡ್ಯಾಶ್‌ಬೋರ್ಡಿನ ಬಳಿ ಇರುವ ಬ್ರೇಕ್ ಕಂಟ್ರೋಲರಿನ ಕೈಪಟ್ಟಿಯನ್ನು ಒತ್ತಿ, ಟ್ರೇಲರಿನ ಬ್ರೇಕನ್ನು ಮಾತ್ರ ಮೆಲ್ಲಗೆ ಹಾಕಬೇಕು. ಆಗ ಟ್ರೇಲರ್ ಹಿಂದಕ್ಕೆ ಜಗ್ಗಿ, ಹಗ್ಗ ಎಳೆದು ಹಿಡಿದಂತೆ ಎರಡೂ ಗಾಡಿಗಳು ಒಂದೇ ಸಾಲಿಗೆ ಬರುತ್ತವೆ. ಮುಂದಿನ ಗಾಡಿಯ ಬ್ರೇಕನ್ನು ಕಾಲಿನಿಂದ ಜೋರಾಗಿ ತುಳಿದರೆ ಇದಕ್ಕೆ ತದ್ವಿರುದ್ಧವಾಗುತ್ತದೆ, ಅಂದರೆ ಮುಂದಿನದು ನಿಧಾನಿಸಿ ಹಿಂದಿನದು ಅದನ್ನು ನೂಕುತ್ತದೆ. ಸ್ಟಿಯರಿಂಗನ್ನು ಓಲಾಟಕ್ಕೆ ಎದುರು ದಿಕ್ಕಿನಲ್ಲಿ ತಿರುಗಿಸಿ ಸರಿಪಡಿಸಲು ಹೊರಡುವುದೂ ಅಷ್ಟೇ ಅಪಾಯ. ಒಂದು ಓಲಾಟ ಒಂದೆರಡು ಸೆಕೆಂಡಿನಲ್ಲಿ ಮುಗಿಯುವುದರಿಂದ ಕಣ್ಣು ಕಂಡು ಕೈ ತಿರುಗಿಸುವಷ್ಟರಲ್ಲಿ ಟ್ರೇಲರ್ ಇನ್ನೊಂದು ಕಡೆಗೆ ಹೊರಟಿರುತ್ತದೆ, ಚಾಲಕರ ಪ್ರಯತ್ನವೇ ಅದಕ್ಕೆ ಜೋಕಾಲಿ ತಳ್ಳಿದಂತಾಗುತ್ತದೆ.

ಈ ಕೈಪಟ್ಟಿಯನ್ನು ಬಳಸುವುದು ಓದಿದರೆ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಯಾವುದಾದರೂ ಖಾಲಿ ಪಾರ್ಕಿಂಗ್ ಜಾಗಕ್ಕೆ ಟ್ರೇಲರ್ ಎಳೆದುಕೊಂಡು ಹೋಗಿ, 20 ಮೈಲಿ ವೇಗದಲ್ಲಿ ಇಬ್ಬರೂ ಹತ್ತು ಹತ್ತು ಬಾರಿ ಅಭ್ಯಾಸ ಮಾಡಿ. ನೀವು ಸ್ಟಿಯರಿಂಗ್ ಹಿಡಿಯುವವರಲ್ಲದಿದ್ದರೂ ಪಕ್ಕದ ಸೀಟಿನಿಂದ ಕೈ ಚಾಚಿದರೆ ಆ ಪಟ್ಟಿ ಸಿಗುತ್ತದೆಯೇ ಎಂಬುದನ್ನು ನೋಡಿಕೊಳ್ಳಿ.

ಲಾರಿ ದಾಟುವಾಗಲೇ ಏಕೆ ಹೀಗಾಯಿತು ಎಂಬುದನ್ನೂ ತಿಳಿಯಬೇಕು. ಲಾರಿಯ ಮೂತಿ ತಳ್ಳಿದ ಗಾಳಿ ಮೊದಲು ಟ್ರೇಲರಿನ ಹಿಂಭಾಗವನ್ನು ಹೊರಕ್ಕೆ ನೂಕುತ್ತದೆ. ಲಾರಿ ಮುಂದೆ ಸರಿದಂತೆ ಎರಡು ಗಾಡಿಗಳ ನಡುವಿನ ಒತ್ತಡ ಇಳಿದು ಟ್ರೇಲರ್ ಒಳಕ್ಕೆ ಸೆಳೆಯಲ್ಪಡುತ್ತದೆ. ಅಡ್ಡಗಾಳಿಯೂ ಇದ್ದರೆ, ಲಾರಿಯ ಮರೆಯಲ್ಲಿದ್ದ ಕೆಲವು ಕ್ಷಣ ಗಾಳಿ ಇಲ್ಲವಾಗಿ, ಲಾರಿ ದಾಟಿದ ಮೇಲೆ ಪೂರ್ತಿ ಹೊಡೆತ ಮತ್ತೆ ಬೀಳುತ್ತದೆ. ಗುಡ್ಡ ಕಡಿದು ಮಾಡಿದ ರಸ್ತೆಯಿಂದ ಬಯಲಿಗೆ ಬರುವಲ್ಲಿ, ಮೇಲ್ಸೇತುವೆಯ ಕೆಳಗಿನಿಂದ ಹೊರಬರುವಲ್ಲಿ ಆಗುವುದೂ ಇದೇ. ಆದ್ದರಿಂದ ಕನ್ನಡಿಯಲ್ಲಿ ಲಾರಿ ಕಂಡ ಕೂಡಲೇ, ಅದು ಪಕ್ಕಕ್ಕೆ ಬರುವ ಮೊದಲೇ, ಪಥದ ಬಲ ಅಂಚಿಗೆ ತುಸು ಸರಿದು ನಾಲ್ಕೈದು ಮೈಲಿ ವೇಗ ಇಳಿಸಿಕೊಳ್ಳಿ. ಗಾಳಿಯ ದಿನ ಕ್ರೂಸ್ ಕಂಟ್ರೋಲ್ ಹಾಕಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನೇ 55 ಮೈಲಿಯ ಮಿತಿ ಹಾಕಿದೆ. ಟೆಕ್ಸಾಸ್ ಹೆದ್ದಾರಿಯ ಫಲಕದಲ್ಲಿ 75 ಎಂದಿದ್ದರೂ ನಿಮ್ಮ ಟ್ರೇಲರಿನ ಟೈರು ಆ ವೇಗಕ್ಕೆ ತಯಾರಾದದ್ದೇ ಎಂದು ನೋಡಿ. ಟ್ರೇಲರಿಗೆಂದೇ ಮಾಡಿದ ಟೈರುಗಳಲ್ಲಿ ಹಲವು 65 ಮೈಲಿಯ ಮಿತಿಯವು.

ಆದರೆ ಲಾರಿ ಕೇವಲ ನೆಪ. ಭಾರವನ್ನು ಸರಿಯಾಗಿ ಜೋಡಿಸಿದ ಟ್ರೇಲರ್ ಲಾರಿಯ ಗಾಳಿಗೆ ಒಮ್ಮೆ ಅಲುಗಿ ಸುಮ್ಮನಾಗುತ್ತದೆ. ನಿಮ್ಮದು ಹಾವಿನಂತೆ ಓಲಾಡಿತು ಎಂದರೆ ಬಹುಪಾಲು ಅದು ಹಿಂಭಾರವಾಗಿತ್ತು ಎಂದೇ ನನ್ನ ಅನುಮಾನ. ಮುಂದಿನ ಉತ್ತರವನ್ನು ದಯವಿಟ್ಟು ಇಬ್ಬರೂ ಕೂಡಿ ಓದಿ.

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ರೈತ. ಕಳೆದ ವರ್ಷ ಮಗಳು ಅಳಿಯನ ಮನೆಗೆ ಕೊಲರಾಡೊಗೆ ಹೋಗಿದ್ದಾಗ ಅವರ ಟ್ರೇಲರ್ ಪ್ರಯಾಣದಲ್ಲಿ ಜೊತೆಗಿದ್ದೆ. ಕಬ್ಬು ತುಂಬಿದ ಟ್ರಾಲಿ ಎಂಥ ಗಾಳಿಗೂ ಜಗ್ಗದು. ಇವರದು ಆಷಾಢದ ಗಾಳಿಯಷ್ಟಕ್ಕೇ ನಡುಗುತ್ತಿತ್ತು. ಸಾಮಾನು ಹೆಚ್ಚು ತುಂಬಿ ಭಾರ ಮಾಡಿದರೆ ಗಾಳಿಗೆ ನಿಲ್ಲುತ್ತದೆಯಲ್ಲವೇ? ಅಳಿಯಂದಿರು ಒಪ್ಪುತ್ತಿಲ್ಲ.
— ಹಿರಿಯರೊಬ್ಬರು, ಮದ್ದೂರು

ಉತ್ತರ: ತಮ್ಮ ಮಾತಿನಲ್ಲಿ ಅರ್ಧ ಸರಿಯಿದೆ. ಗಾಳಿ ನೂಕುವ ಬಲ ಟ್ರೇಲರಿನ ಗಾತ್ರವನ್ನು ನೋಡುತ್ತದೆ, ತೂಕವನ್ನಲ್ಲ. ಅದೇ ಗಾತ್ರದ ಭಾರವಾದ ಟ್ರೇಲರ್ ಉರುಳುವುದಕ್ಕೆ ಹೆಚ್ಚಿನ ಗಾಳಿ ಬೇಕು. ಆದರೆ ಟ್ರಾಲಿ ಸಾಗುವುದು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ, ಇವರದು 90ರಲ್ಲಿ. ಆ ವೇಗದಲ್ಲಿ ಎಷ್ಟು ಭಾರ ಎಂಬುದಕ್ಕಿಂತ ಭಾರ ಎಲ್ಲಿದೆ ಎಂಬುದೇ ಮುಖ್ಯವಾಗುತ್ತದೆ. ಅದಲ್ಲದೆ ಟೈರು, ಅಚ್ಚು, ಕೊಂಡಿ, ಎಳೆಯುವ ಗಾಡಿ ಇವೆಲ್ಲಕ್ಕೂ ಬರೆದಿಟ್ಟ ಮಿತಿ ಇರುವುದರಿಂದ ಗಾಳಿಗೆಂದು ಭಾರ ತುಂಬುವ ದಾರಿ ಮುಚ್ಚಿದೆ. ಅಳಿಯಂದಿರು ಒಪ್ಪದಿರುವುದು ನ್ಯಾಯವೇ.

ಭಾರ ಎಲ್ಲಿರಬೇಕು ಎಂಬುದನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಎತ್ತಿನ ಗಾಡಿ ಹೇರುವಾಗ ಮೂಕಿಯನ್ನು ಕೈಯಲ್ಲಿ ಎತ್ತಿ ಮುಂಭಾರವೋ ಹಿಂಭಾರವೋ ಎಂದು ನೋಡದೆ ಯಾರೂ ಎತ್ತು ಕಟ್ಟುತ್ತಿರಲಿಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತಿತ್ತು, ಮುಂಭಾರ ಅತಿಯಾದರೆ ನೊಗ ಹೆಗಲನ್ನು ಒತ್ತಿ ಹುಣ್ಣು ಮಾಡುತ್ತಿತ್ತು. ಟ್ರಾವೆಲ್ ಟ್ರೇಲರಿಗೂ ಇದೇ ನಿಯಮ. ಅಲ್ಲಿನವರು ಇದಕ್ಕೆ ಟಂಗ್ ವೇಟ್ ಎನ್ನುತ್ತಾರೆ. ಟ್ರೇಲರಿನ ಒಟ್ಟು ತೂಕದ 10ರಿಂದ 15 ಶೇಕಡಾ ಭಾಗ ಕೊಂಡಿಯ ಗುಂಡಿನ ಮೇಲೆ ಕೂರಬೇಕು. ಹತ್ತಕ್ಕಿಂತ ಕಡಿಮೆಯಾದರೆ ಟ್ರೇಲರ್ ಓಲಾಡಲು ಕಾದಿರುತ್ತದೆ. 15ಕ್ಕಿಂತ ಹೆಚ್ಚಾದರೆ ಎಳೆಯುವ ಗಾಡಿಯ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಗಾಳಿಯ ದಾರಿಗೆ ನನಗೆ 12ರಿಂದ 14ರ ನಡುವೆ ಇದ್ದರೆ ನೆಮ್ಮದಿ.

ಇದು ಎಷ್ಟು ಸುಲಭವಾಗಿ ತಪ್ಪುತ್ತದೆ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಟ್ರೇಲರಿನ ತೂಕ 6,000 ಪೌಂಡ್, ಕೊಂಡಿಯ ಮೇಲೆ 720 ಪೌಂಡ್, ಅಂದರೆ ಶೇಕಡಾ 12, ಎಲ್ಲವೂ ಸರಿಯಾಗಿದೆ ಎಂದುಕೊಳ್ಳೋಣ. ಹೊರಡುವ ಹಿಂದಿನ ಸಂಜೆ ಎರಡು ಎಲೆಕ್ಟ್ರಿಕ್ ಸೈಕಲ್‌ಗಳನ್ನು ಸ್ಟ್ಯಾಂಡಿನ ಸಮೇತ ಹಿಂದಿನ ಬಂಪರಿಗೆ ಕಟ್ಟುತ್ತಾರೆ. ಅವುಗಳ ತೂಕ 170 ಪೌಂಡ್. ಬಂಪರ್ ಅಚ್ಚಿನಿಂದ 10 ಅಡಿ ಹಿಂದಿದೆ, ಕೊಂಡಿ ಅಚ್ಚಿನಿಂದ 16 ಅಡಿ ಮುಂದಿದೆ. ಏತದ ಲೆಕ್ಕದಂತೆ ಕೊಂಡಿಯ ಮೇಲಿನ ಭಾರ 106 ಪೌಂಡ್ ಇಳಿದು 614 ಆಗುತ್ತದೆ. ಒಟ್ಟು ತೂಕ ಈಗ 6,170. ಭಾಗಿಸಿ ನೋಡಿದರೆ ಶೇಕಡಾ ಹತ್ತಕ್ಕೂ ಕೂದಲೆಳೆಯಷ್ಟು ಕಡಿಮೆ. ಎರಡು ಸೈಕಲ್‌ಗಳಿಂದ ಟ್ರೇಲರ್ ಸುರಕ್ಷಿತ ಕಡೆಯಿಂದ ಇನ್ನೊಂದು ಕಡೆಗೆ ದಾಟಿತು. ಇಷ್ಟೇ ಅಲ್ಲ, ತುದಿಯಲ್ಲಿ ಕಟ್ಟಿದ ಭಾರ ಒಮ್ಮೆ ಬೀಸತೊಡಗಿದರೆ ನಿಲ್ಲಿಸುವುದೂ ಕಷ್ಟ. ಹಾಗೆಂದು ಅಷ್ಟೇ ಭಾರವನ್ನು ಮುಂದಿನ ತುದಿಯಲ್ಲಿಟ್ಟು ಸರಿದೂಗಿಸುವುದೂ ಒಳ್ಳೆಯ ಉಪಾಯವಲ್ಲ. ಎರಡು ತುದಿಗಳಲ್ಲಿ ಭಾರವಿರುವ ಕೋಲು ತಿರುಗತೊಡಗಿದರೆ ಬೇಗ ನಿಲ್ಲುವುದಿಲ್ಲ. ಭಾರವಾದ ಸಾಮಾನು ಅಚ್ಚಿನ ಹತ್ತಿರ, ತುಸು ಮುಂದಕ್ಕೆ, ನೆಲಕ್ಕೆ ತಾಗಿದಂತೆ ಇರಲಿ. ಮೇಲಿನ ಕಪಾಟುಗಳಲ್ಲಿ ಅಕ್ಕಿ, ಬೇಳೆ, ಕುಕ್ಕರ್ ಇಡುವ ನಮ್ಮವರ ಅಭ್ಯಾಸ ಮನೆಯಲ್ಲಿ ಇರಲಿ, ಟ್ರೇಲರಿನಲ್ಲಿ ಅವು ಕೆಳಗಿಳಿಯಲಿ.

ನೀರಿನ ತೊಟ್ಟಿಯ ಮಾತನ್ನೂ ಸೇರಿಸಬೇಕು. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುವುದರಿಂದ 40 ಗ್ಯಾಲನ್ ತೊಟ್ಟಿ ತುಂಬಿದರೆ 330 ಪೌಂಡ್ ದಾಟುತ್ತದೆ. ತೊಟ್ಟಿ ಅಚ್ಚಿನ ಮೇಲೆ ಅಥವಾ ತುಸು ಮುಂದೆ ಇದ್ದರೆ, ತೂಕದ ಮಿತಿಯೊಳಗೆ, ತುಂಬಿಸಿಕೊಂಡು ಹೋಗುವುದರಿಂದ ಗಾಳಿಯಲ್ಲಿ ಅನುಕೂಲವೇ. ತಾವು ಹೇಳುವ ಭಾರದ ಪ್ರಯೋಜನ ಅಷ್ಟರ ಮಟ್ಟಿಗೆ ಸಿಗುತ್ತದೆ. ಅಚ್ಚಿನ ಹಿಂದೆ ಇದ್ದರೆ ಖಾಲಿ ಮಾಡಿ ಹೋಗುವುದು ಲೇಸು. ಅರ್ಧ ತುಂಬಿದ ತೊಟ್ಟಿ ಮಾತ್ರ ಎರಡೂ ಕಡೆಗೆ ನಷ್ಟ, ಏಕೆಂದರೆ ನೀರು ಒಳಗೆ ಕುಲುಕಾಡುತ್ತದೆ.

ಮೂಕಿ ಎತ್ತಿ ನೋಡುವ ಬದಲು ಅಲ್ಲಿ ವೇಬ್ರಿಡ್ಜ್ ಇದೆ. ಹೆದ್ದಾರಿ ಬದಿಯ ಲಾರಿ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತಕ್ಕಡಿಗಳಿವೆ. ಮುಂದಿನ ಚಕ್ರ, ಹಿಂದಿನ ಚಕ್ರ, ಟ್ರೇಲರಿನ ಚಕ್ರ ಇವುಗಳ ತೂಕವನ್ನು ಬೇರೆ ಬೇರೆಯಾಗಿ ಬರೆದ ಚೀಟಿ ಕೊಡುತ್ತಾರೆ. ಟ್ರೇಲರ್ ಕಟ್ಟಿ ಒಮ್ಮೆ, ಟ್ರೇಲರ್ ಬಿಟ್ಟು ಎಳೆಯುವ ಗಾಡಿಯನ್ನು ಮಾತ್ರ ಇನ್ನೊಮ್ಮೆ ತೂಗಿಸಿ, ಮೊದಲ ಚೀಟಿಯಲ್ಲಿ ಎಳೆಯುವ ಗಾಡಿಯ ಚಕ್ರಗಳ ಮೇಲಿದ್ದ ತೂಕದಿಂದ ಎರಡನೆಯದನ್ನು ಕಳೆದರೆ ಬರುವುದೇ ಮುಂಭಾರ. ಕೊಂಡಿಯ ಭಾರವನ್ನು ಬೇರೆ ಚಕ್ರಗಳಿಗೂ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಎಂಬ ಜೋಡಣೆ ಇದ್ದರೆ ಅದರ ಕಂಬಿಗಳನ್ನು ಸಡಿಲಿಸಿ ತೂಗಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಅಳಿಯಂದಿರು ಇದುವರೆಗೆ ತೂಗಿಸಿಲ್ಲವಾದರೆ ಮುಂದಿನ ಪ್ರಯಾಣಕ್ಕೆ ಮೊದಲು ತೂಗಿಸಲಿ ಎಂದು ತಾವೇ ಹೇಳಿ. ಹಿರಿಯರ ಮಾತಿಗೆ ಬೆಲೆ ಇರುತ್ತದೆ.

ಪ್ರಶ್ನೆ: ನಮ್ಮದು ಏಳು ಸೀಟಿನ ಎಸ್‌ಯುವಿ. 24 ಅಡಿ ಟ್ರೇಲರ್ ಎಳೆಯಲು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿಸಿದ್ದೇವೆ. ಇನ್ನು ಯಾವ ಗಾಳಿಗೂ ಹೆದರಬೇಕಾಗಿಲ್ಲ ಎಂದು ಅಂಗಡಿಯವರು ಹೇಳಿದರು. ನಂಬಬಹುದೇ?
— ಓದುಗರೊಬ್ಬರು, ಎಡಿಸನ್, ನ್ಯೂಜೆರ್ಸಿ

ಉತ್ತರ: ನಂಬಬೇಡಿ. ಆ ಹಿಚ್ ಮಾಡುವ ಕೆಲಸ ಬೇರೆ. ಕೊಂಡಿಯ ಮೇಲೆ ಬಿದ್ದ ಭಾರದಲ್ಲಿ ಒಂದು ಪಾಲನ್ನು ಅದು ಉಕ್ಕಿನ ಕಂಬಿಗಳ ಮೂಲಕ ಎಳೆಯುವ ಗಾಡಿಯ ಮುಂದಿನ ಚಕ್ರಗಳಿಗೂ ಟ್ರೇಲರಿನ ಚಕ್ರಗಳಿಗೂ ಹಂಚುತ್ತದೆ. ಮುಂದಿನ ಚಕ್ರಗಳಿಗೆ ಹಿಡಿತ ಮರಳಿ ಬರುವುದರಿಂದ ಸ್ಟಿಯರಿಂಗ್ ಮಾತು ಕೇಳುತ್ತದೆ. ಓಲಾಟ ತಡೆಯುವ ಏರ್ಪಾಡು ಕೆಲವು ಹಿಚ್‌ಗಳಲ್ಲಿ ಜೊತೆಗೇ ಇರುತ್ತದೆ, ಕೆಲವಕ್ಕೆ ಘರ್ಷಣೆಯ ಪಟ್ಟಿಯನ್ನು ಬೇರೆಯಾಗಿ ಹಾಕಿಸಬೇಕು. ನಿಮ್ಮದು ಯಾವುದು ಎಂದು ಕೇಳಿ ತಿಳಿಯಿರಿ. ಈಚಿನ ಎಸ್‌ಯುವಿಗಳಲ್ಲಿ ಓಲಾಟ ಗುರುತಿಸಿ ಒಂದೊಂದು ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕುವ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಇರುತ್ತದೆ, ಒಳ್ಳೆಯದೇ. ಇವೆಲ್ಲ ಸರಿಯಾಗಿ ಹೇರಿದ ಟ್ರೇಲರನ್ನು ಇನ್ನಷ್ಟು ಸ್ಥಿರಗೊಳಿಸುತ್ತವೆ. ತಪ್ಪಾಗಿ ಹೇರಿದ್ದನ್ನು ಕೆಲಕಾಲ ಮುಚ್ಚಿಡುತ್ತವೆ. ಮುಚ್ಚಿಟ್ಟ ದೋಷ 40 ಮೈಲಿಯ ಬೀಸಿನಲ್ಲಿ ಒಮ್ಮೆಲೇ ಹೊರಬೀಳುವುದೇ ನನ್ನ ಭಯ.

ನಿಮ್ಮ ಪತ್ರದಲ್ಲಿ ನನಗೆ ಹಿಚ್‌ಗಿಂತ ಗಾಡಿಯ ಚಿಂತೆ ಹೆಚ್ಚಾಗಿದೆ. ಜಾಹೀರಾತಿನಲ್ಲಿ ಬರುವ ಎಳೆಯುವ ಸಾಮರ್ಥ್ಯದ ಅಂಕಿಯನ್ನು ಬಿಟ್ಟು, ಚಾಲಕರ ಬಾಗಿಲಿನ ಚೌಕಟ್ಟಿನಲ್ಲಿರುವ ಚೀಟಿಯಲ್ಲಿ ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಬರೆದಿರುವುದನ್ನು ಓದಿ. ಕೊಂಡಿಯ ಮೇಲಿನ ಭಾರವೂ ಅದರೊಳಗೇ ಸೇರಬೇಕು. ಆರು ಜನ, ಅವರ ಪೆಟ್ಟಿಗೆಗಳು, 700 ಪೌಂಡ್ ಮುಂಭಾರ ಇವನ್ನು ಕೂಡಿದರೆ ಹಲವು ಎಸ್‌ಯುವಿಗಳು ಮನೆಯ ಅಂಗಳದಲ್ಲೇ ಮಿತಿ ದಾಟಿರುತ್ತವೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಕಡಿಮೆ ಇರುವ ಗಾಡಿಯನ್ನು ಉದ್ದದ ಟ್ರೇಲರ್ ಸುಲಭವಾಗಿ ತಿರುಚುತ್ತದೆ. ನಿಮ್ಮ ಮಿತಿಯನ್ನು ನಾನು ಮೊದಲ ಉತ್ತರದಲ್ಲಿ ಹೇಳಿದ 35ರ ಬದಲು 25ಕ್ಕೇ ನಿಲ್ಲಿಸಿಕೊಳ್ಳಿ.

ಪ್ರಶ್ನೆ: ಮಿಷಿಗನ್ ರಾಜ್ಯದ ಮ್ಯಾಕಿನಾ ಸೇತುವೆಯನ್ನು ಟ್ರೇಲರ್ ಸಮೇತ ದಾಟಬೇಕಾಗಿದೆ. ಗಾಳಿ ಇದ್ದರೆ ಬಿಡುತ್ತಾರೆಯೇ?
— ಓದುಗರೊಬ್ಬರು, ಟ್ರಾಯ್, ಮಿಷಿಗನ್

ಉತ್ತರ: 1957ರಲ್ಲಿ ತೆರೆದ, ಸುಮಾರು ಐದು ಮೈಲಿ ಉದ್ದದ ಆ ಸೇತುವೆಯ ಆಡಳಿತದವರು ಗಾಳಿಯ ವೇಗಕ್ಕೆ ತಕ್ಕ ಕ್ರಮ ಇಟ್ಟುಕೊಂಡಿದ್ದಾರೆ. ಗಾಳಿ 20 ಮೈಲಿ ಮೀರಿದರೆ ಎಚ್ಚರಿಕೆ ಕೊಟ್ಟು ವೇಗ ಇಳಿಸಲು ಹೇಳುತ್ತಾರೆ, 35 ಮುಟ್ಟಿದರೆ ಎತ್ತರದ ವಾಹನಗಳನ್ನು ತಮ್ಮ ಗಾಡಿಯ ಬೆಂಗಾವಲಿನಲ್ಲಿ ನಿಧಾನವಾಗಿ ದಾಟಿಸುತ್ತಾರೆ, 50 ಮುಟ್ಟಿದರೆ ಟ್ರೇಲರುಗಳನ್ನು ಬಿಡುವುದಿಲ್ಲ, 65ಕ್ಕೆ ಎಲ್ಲರಿಗೂ ಸೇತುವೆ ಮುಚ್ಚುತ್ತಾರೆ. ಬೆಂಗಾವಲು ಸಿಕ್ಕಿದರೂ ಮನಸ್ಸು ಅಳುಕಿದರೆ ಈಚೆ ದಡದ ಊರಿನಲ್ಲೇ ಉಳಿದು ಮರುದಿನ ಬೆಳಿಗ್ಗೆ ದಾಟಿ.

ಪ್ರಶ್ನೆ: ಮಾರ್ಚ್ ತಿಂಗಳಲ್ಲಿ ಪಾಮ್ ಸ್ಪ್ರಿಂಗ್ಸ್ ಹತ್ತಿರ ತಂಗುವ ಯೋಚನೆ ಇದೆ. ದಾರಿಯಲ್ಲಿ ಗಾಳಿ ಎದ್ದರೆ ಎಲ್ಲಿ, ಹೇಗೆ ನಿಲ್ಲಿಸಬೇಕು? ನಿಲ್ಲಿಸಿದ ಮೇಲೆ ರಾತ್ರಿ ಒಳಗೆ ಮಲಗುವುದು ಕ್ಷೇಮವೇ?
— ದಂಪತಿ, ಅರ್ವೈನ್, ಕ್ಯಾಲಿಫೋರ್ನಿಯಾ

ಉತ್ತರ: ಅಲ್ಲಿಗೆ ಹೋಗುವ 10ನೇ ಅಂತರರಾಜ್ಯ ಹೆದ್ದಾರಿ ಸ್ಯಾನ್ ಗೊರ್ಗೋನಿಯೊ ಕಣಿವೆಯ ಮೂಲಕ ಹಾಯುತ್ತದೆ. ಎರಡು ಕಡೆ ಎತ್ತರದ ಬೆಟ್ಟ, ನಡುವೆ ಕಿರಿದಾದ ಬಾಗಿಲು. ಕರಾವಳಿಯ ತಂಪು ಗಾಳಿ ಮರುಭೂಮಿಯ ಕಡೆಗೆ ಈ ಬಾಗಿಲಿನಿಂದಲೇ ನುಗ್ಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಕಂಡವರಿಗೆ ಇಲ್ಲಿನ ನೂರಾರು ಯಂತ್ರಗಳ ಸಾಲು ಏನು ಹೇಳುತ್ತದೆ ಎಂಬುದು ಗೊತ್ತಾಗುತ್ತದೆ. ಪೂರ್ವಕ್ಕೆ ಹೋಗುವಾಗ ಗಾಳಿ ಬಹುಮಟ್ಟಿಗೆ ಬೆನ್ನಿಗಿರುತ್ತದೆ, ಆದ್ದರಿಂದ ಅದರ ರಭಸ ತಿಳಿಯುವುದಿಲ್ಲ. ರಸ್ತೆ ತಿರುಗಿದಲ್ಲಿ, ಹೆದ್ದಾರಿ ಬಿಟ್ಟು ಊರಿನ ಕಡೆಗೆ ಹೊರಳಿದಲ್ಲಿ ಅದೇ ಗಾಳಿ ಪಕ್ಕಕ್ಕೆ ಬರುತ್ತದೆ. ಹಿಂದಿರುಗುವಾಗ ಎದುರುಗಾಳಿ. 55 ಮೈಲಿಯಲ್ಲಿ ಹೋಗುತ್ತ 30 ಮೈಲಿಯ ಗಾಳಿಗೆ ಎದುರಾದರೆ ಗಾಡಿಗೆ ತಾಗುವುದು 85 ಮೈಲಿಯ ಗಾಳಿ. ತಡೆ ಎರಡು ಪಟ್ಟಿಗಿಂತ ಹೆಚ್ಚುತ್ತದೆ, ಪೆಟ್ರೋಲ್ ನೋಡುತ್ತಿದ್ದಂತೆ ಇಳಿಯುತ್ತದೆ. ಟ್ಯಾಂಕ್ ಅರ್ಧಕ್ಕೆ ಬಂದಾಗಲೇ ತುಂಬಿಸಿಕೊಳ್ಳಿ.

ದಾರಿಯಲ್ಲಿ ನಿಲ್ಲಿಸಬೇಕೆನಿಸಿದರೆ ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಬೇಡಿ. ಅಲ್ಲಿ ಗಾಳಿಯ ಜೊತೆಗೆ ಲಾರಿಗಳ ಭಯವೂ ಇದೆ. ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ದೊಡ್ಡ ಕಟ್ಟಡದ ಅಥವಾ ನಿಂತ ಲಾರಿಗಳ ಮರೆ ಹುಡುಕಿ, ಗಾಡಿಯ ಮೂತಿಯನ್ನೋ ಬೆನ್ನನ್ನೋ ಗಾಳಿಗೆ ಕೊಟ್ಟು ನಿಲ್ಲಿಸಿ. 8 ಅಡಿ ಅಗಲದ ಮುಖಕ್ಕೆ ತಾಗುವ ಗಾಳಿ, 25 ಅಡಿಯ ಪಕ್ಕಕ್ಕೆ ತಾಗುವ ಗಾಳಿಯ ಮೂರನೇ ಒಂದು ಪಾಲು. ದೊಡ್ಡ ಮರದ ಕೆಳಗೆ ಬೇಡ. ಟ್ರೇಲರನ್ನು ಎಳೆಯುವ ಗಾಡಿಯಿಂದ ಬಿಡಿಸಬೇಡಿ, ಕಟ್ಟಿಕೊಂಡೇ ಇದ್ದರೆ ಅದಕ್ಕೆ ಒಂದು ಲಂಗರು ಇದ್ದಂತೆ.

ತಂಗುವ ಜಾಗದಲ್ಲಿ ಬಾಗಿಲ ಮುಂದಿನ ಬಟ್ಟೆಯ ಚಪ್ಪರವನ್ನು ಸಂಜೆ ಮಡಚಿಯೇ ಮಲಗಿ, ಗಾಳಿ ಇಲ್ಲದಿದ್ದರೂ ಸರಿ. ಆಚೆ ಹೋಗುವಾಗಲೂ ಮಡಚಿ ಹೋಗಿ; ಬಿಚ್ಚಿಟ್ಟ ಚಪ್ಪರವನ್ನು ಒಂದೇ ಬೀಸು ಛಾವಣಿಯ ಮೇಲಕ್ಕೆ ಎತ್ತಿ ಹಾಕಿ ಗೋಡೆಯ ತಗಡನ್ನೂ ಕಿತ್ತುಕೊಂಡು ಹೋಗುತ್ತದೆ. ನಾಲ್ಕು ಮೂಲೆಯ ಜಾಕ್‌ಗಳನ್ನು ಇಳಿಸಿ, ಚಕ್ರಗಳಿಗೆ ಅಡ್ಡೆ ಕೊಡಿ. ಛಾವಣಿಯ ಗಾಳಿಕಿಂಡಿಗಳನ್ನು ಮುಚ್ಚಿ. ಗೋಡೆಯಿಂದ ಹೊರಕ್ಕೆ ಸರಿಯುವ ಕೋಣೆಯ ಮೇಲಿನ ಬಟ್ಟೆ ಪಟಪಟನೆ ಬಡಿಯತೊಡಗಿದರೆ ಆ ಕೋಣೆಯನ್ನು ಒಳಕ್ಕೆ ಎಳೆದುಕೊಳ್ಳಿ. ಹೀಗೆ ನಿಲ್ಲಿಸಿದ ಟ್ರೇಲರ್ 40 ಮೈಲಿಯ ಬೀಸಿಗೆ ದೋಣಿಯಂತೆ ತೂಗಾಡಿದರೂ ಉರುಳುವುದಿಲ್ಲ. ನಿದ್ದೆ ಕೆಡುತ್ತದೆ, ಅಷ್ಟೇ. 60ರ ಬೀಸಿನ ಎಚ್ಚರಿಕೆ ಬಂದ ರಾತ್ರಿ ಮಾತ್ರ ತಗಡು, ಕೊಂಬೆ ಹಾರಿ ಬಂದು ಬಡಿಯುವ ಭಯ ಇರುವುದರಿಂದ ಟ್ರೇಲರಿನಲ್ಲಿ ಮಲಗಬೇಡಿ, ಹತ್ತಿರದ ಹೋಟೆಲಿನಲ್ಲಿ ಕೋಣೆ ಹಿಡಿಯಿರಿ. ಬೆಳಿಗ್ಗೆ ಹೊರಡುವ ಮೊದಲು ಕೊಂಡಿಯ ಬೀಗ, ಅಡ್ಡಲಾಗಿ ಹಾಕಿದ ಎರಡು ಸರಪಳಿ, ಕೊಂಡಿ ಕಳಚಿದರೆ ಟ್ರೇಲರಿಗೆ ತಾನಾಗಿ ಬ್ರೇಕ್ ಹಾಕುವ ತಂತಿ, ಟೈರಿನ ಗಾಳಿ ಇವನ್ನು ಮತ್ತೊಮ್ಮೆ ಕೈಯಿಂದ ಮುಟ್ಟಿ ನೋಡಿ. ರಾತ್ರಿಯಿಡೀ ತೂಗಾಡಿದ ಗಾಡಿಯಲ್ಲಿ ಸಡಿಲಾದದ್ದು ಏನಾದರೂ ಇದ್ದೇ ಇರುತ್ತದೆ.